ಬಲ ಪಕ್ಕೆಲುಬಿನ ಕೆಳಗೆ ಬಿದ್ದ ಗುದ್ದು

ಬಾಕ್ಸಿಂಗ್ ನೋಡುವವರಿಗೆ ಈ ದೃಶ್ಯ ಪರಿಚಿತ. ಪಕ್ಕೆಗೆ ಒಂದು ಏಟು ಬೀಳುತ್ತದೆ. ಕಣ್ಣಿಗೆ ಅದು ಅಂಥ ಜೋರಿನ ಏಟಾಗಿಯೇನೂ ಕಾಣುವುದಿಲ್ಲ. ತಿಂದವನು ನಿಂತೇ ಇದ್ದಾನೆ, ಒಂದು ಹೆಜ್ಜೆ ಹಿಂದಕ್ಕೂ ಸರಿಯುತ್ತಾನೆ. ಆಮೇಲೆ ಯಾರೂ ಮುಟ್ಟದೆಯೇ ಮಂಡಿ ಮಡಿದು ಕುಸಿಯುತ್ತಾನೆ. ಕಣ್ಣು ತೆರೆದೇ ಇರುತ್ತದೆ, ರೆಫರಿ ಎಣಿಸುವುದೂ ಕೇಳುತ್ತಿರುತ್ತದೆ, ಆದರೆ ಏಳಲು ಆಗುವುದಿಲ್ಲ. ಆಗ ಪ್ರೇಕ್ಷಕರ ಬಾಯಿಂದ ಬರುವ ಮಾತು ಒಂದೇ: ಎದೆಗಾರಿಕೆ ಇಲ್ಲ, ಒಂದೇಟಿಗೆ ಕೈಚೆಲ್ಲಿದ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಾಗೆ ಬಿದ್ದವನಿಗೆ ಆ ಕ್ಷಣದಲ್ಲಿ ಏಳುವ ಬೀಳುವ ಆಯ್ಕೆಯೇ ಇರುವುದಿಲ್ಲ.

ಈ ಏಟಿಗೆ ಮೆಕ್ಸಿಕೊದಲ್ಲಿ ಸ್ವಂತ ಹೆಸರಿದೆ: ಗಾಂಚೊ ಅಲ್ ಈಗಾದೊ, ಯಕೃತ್ತಿಗೆ ಹಾಕುವ ಹುಕ್, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು. ಈಗಾದೊ ಎಂಬ ಪದದ ಹುಟ್ಟೂ ಸ್ವಾರಸ್ಯಕರ. ರೋಮನ್ನರು ಅಂಜೂರ ತಿನ್ನಿಸಿ ಕೊಬ್ಬಿಸಿದ ಹಕ್ಕಿಯ ಯಕೃತ್ತನ್ನು ಇಷ್ಟಪಟ್ಟು ತಿನ್ನುತ್ತಿದ್ದರು. ಲ್ಯಾಟಿನ್‌ನಲ್ಲಿ ಅಂಜೂರ ಎಂದರೆ ಫೀಕುಸ್. ಅಂಜೂರದ ಅಡುಗೆಯ ಹೆಸರೇ ಬರಬರುತ್ತಾ ಅಂಗದ ಹೆಸರಾಗಿ ಸ್ಪ್ಯಾನಿಷ್‌ಗೆ ಬಂದಿತು. ಮೆಕ್ಸಿಕೊದ ಹಲವು ಬಾಕ್ಸರ್‌ಗಳು ಈ ಏಟನ್ನು ಬಳಸಿದ್ದಾರೆ. ಅದನ್ನು ಒಂದು ಶಾಸ್ತ್ರದಂತೆ ರೂಢಿಸಿಕೊಂಡವರು ಹೂಲಿಯೊ ಸೆಸಾರ್ ಚಾವೆಸ್.

ಚಾವೆಸ್ ಹುಟ್ಟಿದ್ದು 1962ರ ಜುಲೈ 12ರಂದು, ಸೊನೋರಾ ರಾಜ್ಯದ ಸಿಯುದಾದ್ ಒಬ್ರೆಗಾನ್‌ನಲ್ಲಿ. ತಂದೆ ರೈಲ್ವೆ ಕೆಲಸಗಾರ. ಮನೆ ಎಂದರೆ ರೈಲ್ವೆ ಕೈಬಿಟ್ಟ ಒಂದು ಹಳೆಯ ಬೋಗಿ. ಬೆಳೆದದ್ದು ಸಿನಲೋವಾದ ಕುಲಿಯಾಕಾನ್ ನಗರದಲ್ಲಿ. ವೃತ್ತಿಪರ ಬಾಕ್ಸರ್ ಆಗಿ ಅಲ್ಲಿಯೇ 1980ರಲ್ಲಿ ಕಣಕ್ಕಿಳಿದರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾರಿಯೊ ಮಾರ್ಟಿನೆಸ್ ಅವರನ್ನು ಎಂಟನೆಯ ಸುತ್ತಿನಲ್ಲಿ ಮಣಿಸಿ ಮೊದಲ ವಿಶ್ವ ಪಟ್ಟ ಗೆದ್ದರು. ಮುಂದೆ ಇನ್ನೂ ಎರಡು ತೂಕವಿಭಾಗಗಳಲ್ಲಿ ಪಟ್ಟ ಬಂದಿತು. 1994ರ ಜನವರಿಯಲ್ಲಿ ಫ್ರ್ಯಾಂಕಿ ರ‍್ಯಾಂಡಲ್ ಎದುರು ಸೋಲುವವರೆಗೆ ಅವರ ದಾಖಲೆ 89 ಗೆಲುವು, ಒಂದು ಡ್ರಾ. ವೃತ್ತಿಜೀವನ ಮುಗಿಯುವ ಹೊತ್ತಿಗೆ ಗೆಲುವುಗಳು 107.

ಇಷ್ಟೊಂದು ಗೆಲುವಿಗೆ ಜನ ಕೊಡುವ ಕಾರಣಗಳು ಮಾತ್ರ ವಿಚಿತ್ರ. ಮೆಕ್ಸಿಕೊದವರ ರಕ್ತವೇ ಬೇರೆ ಎನ್ನುತ್ತಾರೆ. ಚಾವೆಸ್ ತಲೆಗೆ ಕಟ್ಟಿಕೊಂಡು ಬರುತ್ತಿದ್ದ ಕೆಂಪು ಪಟ್ಟಿಯನ್ನು ತೋರಿಸಿ, ಎದುರಾಳಿ ಮಾಡಿಸಿದ ಮಾಟ ತಗಲದಿರಲೆಂದು ಕಟ್ಟಿದ್ದು ಎಂಬ ಕಥೆ ಹೇಳುತ್ತಾರೆ. ದೃಷ್ಟಿಗೆ ಕಪ್ಪು ಬೊಟ್ಟಿಡುವ ನಮಗೆ ಆ ಪಟ್ಟಿ ಕೂಡಲೇ ಅರ್ಥವಾಗುತ್ತದೆ. ಆದರೆ ಬಟ್ಟೆಯ ಪಟ್ಟಿ ಯಾರ ಮಂಡಿಯನ್ನೂ ಮಡಿಸುವುದಿಲ್ಲ. ಮಡಿಸುವುದು ಏನೆಂದು ತಿಳಿಯಬೇಕಾದರೆ ಬಲ ಪಕ್ಕೆಲುಬಿನ ಕೆಳಗೆ ನೋಡಬೇಕು.

ಯಕೃತ್ತು ಸುಮಾರು ಒಂದೂವರೆ ಕಿಲೋ ತೂಕದ, ಮೆತ್ತಗಿನ, ರಕ್ತ ತುಂಬಿದ ಅಂಗ. ಹೃದಯ ಪಂಪು ಮಾಡುವ ರಕ್ತದ ಕಾಲು ಭಾಗದಷ್ಟು, ಅಂದರೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್, ಅದರ ಮೂಲಕ ಹರಿಯುತ್ತದೆ. ಹೆಚ್ಚಿನ ಭಾಗ ಪಕ್ಕೆಲುಬುಗಳ ಮರೆಯಲ್ಲಿದ್ದರೂ ಕೆಳಗಿನ ಅಂಚಿಗೆ ಆ ರಕ್ಷಣೆ ಕಡಿಮೆ. ಅದರ ಒಳ ತಿರುಳಿಗೆ ನೋವು ಗೊತ್ತಾಗುವುದಿಲ್ಲ. ನೋವು ತಿಳಿಯುವ ನರಗಳಿರುವುದು ಅದನ್ನು ಸುತ್ತಿರುವ ತೆಳುವಾದ ಪೊರೆಯಲ್ಲಿ. 1654ರಲ್ಲಿ ಯಕೃತ್ತಿನ ಬಗ್ಗೆ ಗ್ರಂಥ ಬರೆದ ಇಂಗ್ಲಿಷ್ ವೈದ್ಯ ಫ್ರಾನ್ಸಿಸ್ ಗ್ಲಿಸನ್ ಅವರ ಹೆಸರು ಆ ಪೊರೆಗಿದೆ.

ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆಯನ್ನು ಒತ್ತಿ ನೋಡಿ. ಒತ್ತಿದ್ದು ಮೂಲೆಯನ್ನು, ಬಿಗಿಯುವುದು ಇಡೀ ಪ್ಯಾಕೆಟ್ಟು. ದ್ರವವನ್ನು ಕುಗ್ಗಿಸಲಾಗದು, ಆದ್ದರಿಂದ ಒತ್ತಡ ಎಲ್ಲ ದಿಕ್ಕಿಗೂ ಹರಡಿ ಹೊರಗಿನ ಹಾಳೆಯನ್ನು ಎಳೆಯುತ್ತದೆ. ತಮಟೆಯ ಅಂಚಿಗೆ ಬಡಿದರೂ ಇಡೀ ಚರ್ಮ ಅದುರುವುದಿಲ್ಲವೇ, ಹಾಗೆ. ಎಡಗೈ ಹುಕ್ ಯಕೃತ್ತಿನ ಅಂಚಿಗೆ ತಗಲಿದಾಗ ಗ್ಲಿಸನ್ ಪೊರೆ ಬಿಗಿದು ಅದರ ನರಗಳೆಲ್ಲ ಒಮ್ಮೆಲೇ ಕೂಗಿಕೊಳ್ಳುತ್ತವೆ. ಒಳ ಅಂಗಗಳ ನೋವನ್ನು ಹೊತ್ತೊಯ್ಯುವ ನರತಂತುಗಳು ಬಹುಪಾಲು ನಿಧಾನದವು, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್ ವೇಗ. ಏಟು ಬಿದ್ದು, ಒಂದು ಹೆಜ್ಜೆ ಇಟ್ಟು, ಆಮೇಲೆ ಕುಸಿಯುವ ಆ ಅಂತರಕ್ಕೆ ಇದೂ ಒಂದು ಕಾರಣ.

ಕೂಗು ಮಿದುಳಿನ ಬುಡ ತಲುಪಿದ ಮೇಲೆ ನಡೆಯುವುದು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಅಲ್ಲಿಂದ ಹೊರಟು ಹೃದಯ, ಜಠರ, ಕರುಳುಗಳವರೆಗೆ ಸುತ್ತುವ ನರವೊಂದಿದೆ, ವೇಗಸ್. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಅಲೆದಾಡುವುದು ಎಂದರ್ಥ. ಅದನ್ನು ಪ್ರಚೋದಿಸಿದರೆ ಹೃದಯ ನಿಲ್ಲುತ್ತದೆ ಎಂದು ಜರ್ಮನಿಯ ವೆಬರ್ ಸಹೋದರರು 1845ರಲ್ಲಿ ತೋರಿಸಿದರು. ನರ ಎಂದರೆ ಅಂಗವನ್ನು ಚುರುಕುಗೊಳಿಸುವುದು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಇದು ದೊಡ್ಡ ಆಘಾತ. 1860ರ ದಶಕದಲ್ಲಿ ಶರೀರವಿಜ್ಞಾನಿ ಫ್ರೀಡ್ರಿಕ್ ಗೋಲ್ಟ್ಜ್ ಕಪ್ಪೆಯ ಹೊಟ್ಟೆಯನ್ನು ತಟ್ಟಿದರು. ಹೃದಯ ನಿಂತಿತು. ವೇಗಸ್ ನರವನ್ನು ಕತ್ತರಿಸಿ ತಟ್ಟಿದರೆ ನಿಲ್ಲಲಿಲ್ಲ. ಚಾವೆಸ್ ಅವರ ಹುಕ್‌ಗೆ ಪ್ರಯೋಗಶಾಲೆಯ ಪೂರ್ವಜ ಆ ತಟ್ಟು. ಇನ್ನು 1921ರ ವಿಜ್ಞಾನಿ ಓಟೊ ಲೋವಿ: ರಾತ್ರಿ ಕನಸಿನಲ್ಲಿ ಹೊಳೆದ ಪ್ರಯೋಗವನ್ನು ಗೀಚಿಟ್ಟು ಮಲಗಿದರು, ಬೆಳಗ್ಗೆ ತಮ್ಮ ಬರಹ ತಮಗೇ ಓದಲಾಗಲಿಲ್ಲ. ಮರುರಾತ್ರಿ ಕನಸು ಮತ್ತೆ ಬಂದಾಗ ಎದ್ದು ನೇರ ಪ್ರಯೋಗಶಾಲೆಗೆ ಹೋದರು. ವೇಗಸ್ ಪ್ರಚೋದಿಸಿ ನಿಧಾನಗೊಳಿಸಿದ ಕಪ್ಪೆ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಸೇರಿಸಿದರು. ಅದೂ ನಿಧಾನವಾಯಿತು. ಬ್ರೇಕಿನ ಕೆಲಸ ಮಾಡಿದ್ದು ರಾಸಾಯನಿಕ, ಇಂದು ನಾವು ಅಸಿಟೈಲ್‌ಕೋಲಿನ್ ಎನ್ನುವುದು. 1936ರಲ್ಲಿ ಲೋವಿಯವರಿಗೆ ನೊಬೆಲ್ ಬಂದಿತು.

ಅಂದರೆ ಪಕ್ಕೆಗೆ ಏಟು ತಿಂದವನ ಹೃದಯಕ್ಕೆ ಒಳಗಿನಿಂದಲೇ ಬ್ರೇಕ್ ಬೀಳುತ್ತದೆ. ಅದೇ ಹೊತ್ತಿಗೆ ರಕ್ತನಾಳಗಳು ಸಡಿಲಗೊಳ್ಳುತ್ತವೆ. ಒಂದು ಕಡೆ ಮೋಟರಿನ ವೇಗ ತಗ್ಗಿ, ಇನ್ನೊಂದು ಕಡೆ ಕೆಳಮನೆಯವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದರೆ ಮೂರನೆಯ ಮಹಡಿಗೆ ನೀರು ಏರೀತೇ? ನಿಂತ ಮನುಷ್ಯನಲ್ಲಿ ಮೂರನೆಯ ಮಹಡಿ ಎಂದರೆ ಮಿದುಳು. ದೇಹಕ್ಕೆ ಉಳಿದಿರುವ ಉಪಾಯ ಆ ಮಹಡಿಯನ್ನೇ ನೆಲಕ್ಕೆ ಇಳಿಸುವುದು. ಮನುಷ್ಯ ಬೀಳುತ್ತಾನೆ, ಹೃದಯವೂ ತಲೆಯೂ ಒಂದೇ ಮಟ್ಟಕ್ಕೆ ಬರುತ್ತವೆ, ರಕ್ತ ತಲೆಗೆ ಹರಿಯುತ್ತದೆ. ಆದ್ದರಿಂದಲೇ ಅವನಿಗೆ ಪ್ರಜ್ಞೆ ಇರುತ್ತದೆ, ಕಾಲಿಗೆ ಬಲ ಇರುವುದಿಲ್ಲ. ಏಳಲು ಹತ್ತು ಸೆಕೆಂಡ್ ಎಂಬ ಕಟ್ಟಳೆ 1867ರ ಕ್ವೀನ್ಸ್‌ಬೆರಿ ನಿಯಮಗಳದು. ವೇಗಸ್ ನರಕ್ಕೆ ಆ ನಿಯಮ ಗೊತ್ತಿಲ್ಲ. ಹೊಟ್ಟೆಯ ಸ್ನಾಯುವನ್ನು ವ್ಯಾಯಾಮದಿಂದ ಕಲ್ಲಾಗಿಸಬಹುದು, ಗ್ಲಿಸನ್ ಪೊರೆಗೆ ವ್ಯಾಯಾಮವಿಲ್ಲ.

ಹಾಗಾದರೆ ಎಲ್ಲರೂ ಅಲ್ಲಿಗೇ ಏಕೆ ಹೊಡೆಯುವುದಿಲ್ಲ? ಬಲ ಮೊಣಕೈ ಅದನ್ನು ಬಾಗಿಲಿನಂತೆ ಮುಚ್ಚಿರುತ್ತದೆ. ಬಾಗಿಲು ತೆರೆಯುವುದು ಎದುರಾಳಿ ಬಲಗೈ ಬೀಸಿದಾಗ ಅಥವಾ ಮುಖ ಕಾಯಲು ಕೈ ಎತ್ತಿದಾಗ. ಚಾವೆಸ್ ಅವರ ಪ್ರತಿಭೆಯೆಲ್ಲ ಆ ತೆರೆಯುವ ಗಳಿಗೆಯನ್ನು ಹುಟ್ಟಿಸುವುದರಲ್ಲಿತ್ತು. ಓಡುವವನ ಹಿಂದೆ ಅವರು ಓಡುತ್ತಿರಲಿಲ್ಲ. ಅಡ್ಡಹೆಜ್ಜೆ ಇಟ್ಟು ರಿಂಗನ್ನು ಚಿಕ್ಕದು ಮಾಡುತ್ತಾ ಹಗ್ಗದತ್ತ ಒತ್ತುತ್ತಿದ್ದರು, ತಲೆಗೆ ಹೊಡೆದು ಮೊಣಕೈ ಮೇಲೇಳಿಸಿ ಕೆಳಗೆ ಇಳಿಯುತ್ತಿದ್ದರು. 1993ರ ಫೆಬ್ರುವರಿಯಲ್ಲಿ ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ 1,32,274 ಜನರ ಮುಂದೆ ಗ್ರೆಗ್ ಹೌಗೆನ್ ಅವರನ್ನು ಐದೇ ಸುತ್ತಿನಲ್ಲಿ ಮುಗಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಪರ್ನೆಲ್ ವಿಟೇಕರ್ ಹಗ್ಗಕ್ಕೆ ಸಿಕ್ಕಲೇ ಇಲ್ಲ. ತೀರ್ಪು ಡ್ರಾ ಎಂದಿತು, ಗೆದ್ದವರು ವಿಟೇಕರ್ ಎಂದೇ ನನ್ನ ಎಣಿಕೆ.

ತಲೆಗೆ ಬೀಳುವ ಏಟಿನ ಲೆಕ್ಕ ಪೂರ್ತಿ ಬೇರೆ. ಅಲ್ಲಿ ತಲೆ ಗಿರಕ್ಕನೆ ತಿರುಗಿ ಮಿದುಳಿನ ತಂತುಗಳು ಎಳೆದಾಡುತ್ತವೆ, ಆ ಹಾನಿ ಕೂಡುತ್ತಾ ಹೋಗುತ್ತದೆ. 1990ರ ಮಾರ್ಚ್ 17, ಲಾಸ್ ವೆಗಾಸ್: ಮೆಲ್ಡ್ರಿಕ್ ಟೇಲರ್ ಮೂವರಲ್ಲಿ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಬಹಳ ಮುಂದಿದ್ದರು. ಹನ್ನೆರಡನೆಯ ಸುತ್ತಿನ ಕೊನೆಯಲ್ಲಿ ಚಾವೆಸ್ ಟೇಲರ್ ಅವರನ್ನು ಬೀಳಿಸಿದರು. ಟೇಲರ್ ಎದ್ದರು, ಆದರೆ ಇನ್ನು ಎರಡೇ ಸೆಕೆಂಡ್ ಇರುವಾಗ ರೆಫರಿ ರಿಚರ್ಡ್ ಸ್ಟೀಲ್ ಪಂದ್ಯ ನಿಲ್ಲಿಸಿದರು. ಆ ಎರಡು ಸೆಕೆಂಡಿನ ಬಗ್ಗೆ ಇಂದಿಗೂ ಜಗಳವಿದೆ. ನಾನು ಸ್ಟೀಲ್ ಪಕ್ಷ. ಟೇಲರ್ ಮುಖದ ಮೂಳೆ ಮುರಿದಿತ್ತು, ಹೊಟ್ಟೆಗೆ ರಕ್ತ ಇಳಿದಿತ್ತು. ಮುಂದಿನ ವರ್ಷಗಳಲ್ಲಿ ಅವರ ಮಾತು ತೊದಲತೊಡಗಿತು.

ಚಾವೆಸ್ ಅವರನ್ನು 1996ರಲ್ಲೂ 1998ರಲ್ಲೂ ಸೋಲಿಸಿದವರು ಮೆಕ್ಸಿಕೊ ಮೂಲದ ಕುಟುಂಬದ ಅಮೆರಿಕನ್ ಬಾಕ್ಸರ್ ಆಸ್ಕರ್ ಡಿ ಲಾ ಹೋಯಾ. 2004ರ ಸೆಪ್ಟೆಂಬರ್ 18ರಂದು ಅವರು ಬರ್ನಾರ್ಡ್ ಹಾಪ್ಕಿನ್ಸ್ ಎದುರು ನಿಂತಿದ್ದರು. ಒಂಬತ್ತನೆಯ ಸುತ್ತಿನಲ್ಲಿ ಹಾಪ್ಕಿನ್ಸ್ ಅವರ ಎಡಗೈ ಹುಕ್ ಬಲ ಪಕ್ಕೆಗೆ ಬಿದ್ದಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಡಿ ಲಾ ಹೋಯಾ ಕುಸಿದರು. ರೆಫರಿ ಹತ್ತರವರೆಗೆ ಎಣಿಸಿ ಮುಗಿಸಿದರೂ ಏಳಲಾಗಲಿಲ್ಲ. ಏನಾಯಿತೆಂದು ಅವರಿಗೆ ಪೂರ್ತಿ ಗೊತ್ತಿತ್ತು, ಗ್ಲೌಸ್ ತೊಟ್ಟ ಕೈಯಿಂದ ನೆಲವನ್ನು ಗುದ್ದುತ್ತಿದ್ದರು.