ಅಜ್ಟೆಕ್ ಹಸ್ತಪ್ರತಿಗಳ ಬಣ್ಣ: ಗೊಂದಲ ಬೆಳೆದು ಬಂದ ಬಗೆ

1521ರಲ್ಲಿ, ಇಂದಿನ ಮೆಕ್ಸಿಕೋ ನಗರವಿರುವಲ್ಲಿದ್ದ ಅಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನ್ ಸ್ಪೇನಿನವರ ಕೈಸೇರಿತು. ಆದರೂ ಅಲ್ಲಿನ ಚಿತ್ರಕಾರರ ಕೆಲಸ ನಿಲ್ಲಲಿಲ್ಲ. ಹೊಸ ಆಳ್ವಿಕೆಯಲ್ಲೂ ಬರೆದರು, ಯುರೋಪಿನ ಕಾಗದದ ಮೇಲೂ ಬರೆದರು. ಅವರು ಹಚ್ಚಿದ್ದು ಊರಿನ ಬಣ್ಣವೋ, ಹಡಗಿನಲ್ಲಿ ಬಂದದ್ದೋ? ಈ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಉತ್ತರದ ದೊಡ್ಡ ಪಾಲು ಒಂದು ಹಸ್ತಪ್ರತಿಯಲ್ಲೇ ಇದೆ. ಬೆರ್ನಾರ್ಡಿನೊ ದೆ ಸಹಗುನ್ ಎಂಬ ಪಾದ್ರಿ ನಹುವಾ (ಅಜ್ಟೆಕರ ಭಾಷೆಯಾಡುವ ಸ್ಥಳೀಯ ಜನ) ಬರಹಗಾರರು ಮತ್ತು ಚಿತ್ರಕಾರರ ಜೊತೆ ಸೇರಿ 1577ರ ಸುಮಾರಿಗೆ ಮುಗಿಸಿದ ಫ್ಲಾರೆಂಟೈನ್ ಕೋಡೆಕ್ಸ್ ಅದು. ಈಗ ಫ್ಲಾರೆನ್ಸಿನ ಗ್ರಂಥಾಲಯದಲ್ಲಿದೆ. ಅದರ 11ನೇ ಭಾಗದಲ್ಲಿ ಬಣ್ಣಗಳದೇ ವಿವರಣೆಯಿದೆ: ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟದಿಂದ ಕೆಂಪು, ಹೂವಿನಿಂದ ಹಳದಿ, ಪೈನ್ ಸೌದೆಯ ಮಸಿಯಿಂದ ಕಪ್ಪು. ಮಾಡುವವರೇ ಹೇಳಿಕೊಟ್ಟ ಈ ಮಾತನ್ನು ಎಷ್ಟೋ ಕಾಲ ಯಾರೂ ರಸಾಯನಶಾಸ್ತ್ರ ಎಂದು ಓದಲಿಲ್ಲ.

20ನೇ ಶತಮಾನದಲ್ಲಿ, ಮಾಯಾ ಜನರ ಹೆಸರಿನಿಂದ ಕರೆಯುವ ಅಲ್ಲಿನ ಹಳೆಯ ಬಣ್ಣವಾದ ಮಾಯಾ ನೀಲಿಯ ಗುಟ್ಟು ಬಯಲಾಯಿತು. ನೀಲಿ (ಇಂಡಿಗೊ) ಗಿಡದ ಬಣ್ಣವನ್ನು ಪಾಲಿಗೋರ್ಸ್ಕೈಟ್ ಎಂಬ ಜೇಡಿಮಣ್ಣಿನ ಜೊತೆ ಕಾಯಿಸಿದರೆ ಆಮ್ಲಕ್ಕೂ ಬಗ್ಗದ ಬಣ್ಣ ಸಿಗುತ್ತದೆ. ಸುಮ್ನೆ ಅರೆದು ಹಚ್ಚಿದ್ದಲ್ಲ, ಅಲ್ವಾ?

ಗೊಂದಲ ಜಾಸ್ತಿಯಾದದ್ದು ಯಂತ್ರಗಳು ಬಂದ ಮೇಲೆ. ಇಂಥ ಪುಟಗಳಿಂದ ಚೂರು ಕೆರೆದು ಪರೀಕ್ಷಿಸಲು ಸಾಮಾನ್ಯವಾಗಿ ಒಪ್ಪಿಗೆ ಸಿಗುವುದಿಲ್ಲ. ಮುಟ್ಟದೆಯೇ ನೋಡಬೇಕು. ಎಕ್ಸ್‌-ರೇ ಪ್ರತಿದೀಪ್ತಿ ವಿಧಾನ (ಎಕ್ಸ್-ರೇ ಬಿದ್ದಾಗ ಧಾತುಗಳು ಹೊರಸೂಸುವ ಕಿರಣವನ್ನು ಓದುವುದು) ಸೀಸ, ಪಾದರಸದಂಥ ಭಾರದ ಧಾತುಗಳನ್ನು ತಟ್ಟನೆ ತೋರಿಸುತ್ತದೆ. ಗಿಡ, ಕೀಟಗಳ ಬಣ್ಣ ಹಗುರ ಧಾತುಗಳದ್ದು, ಅದರ ಕಣ್ಣಿಗೆ ಬೀಳುವುದಿಲ್ಲ. ಅದೊಂದನ್ನೇ ನಂಬಿದರೆ ಕಲ್ಲು, ಲೋಹದ ಬಣ್ಣಗಳಷ್ಟೇ ಲೆಕ್ಕಕ್ಕೆ ಸಿಗುತ್ತವೆ. ಊರಿನವರ ಜಾಣ್ಮೆಯ ಮುಖ್ಯ ಭಾಗವೇ ಬಿಟ್ಟುಹೋಗುತ್ತದೆ. ಲೇಸರ್ ಬೆಳಕು ಚೆದುರುವ ಬಗೆಯಿಂದ ವಸ್ತುವನ್ನು ಗುರುತಿಸುವ ರಾಮನ್ ವಿಧಾನಕ್ಕೂ ತೊಂದರೆಯಿದೆ: ಎಷ್ಟೋ ಸಸ್ಯಬಣ್ಣಗಳು ತಾವೇ ಹೊಳೆದು ಸುಳಿವನ್ನು ಮುಚ್ಚಿಬಿಡುತ್ತವೆ. ಪ್ರತಿಫಲಿಸಿದ ಬೆಳಕನ್ನು ಅಳೆದರೆ ಕೀಟದ ಕೆಂಪು ಆ ಅಳತೆಯ ನಕ್ಷೆಯಲ್ಲಿ ಕಾಣುವ ಎರಡು ತಗ್ಗುಗಳಿಂದ ಗುರುತು ಸಿಗುತ್ತದೆ. ಹಳದಿಗಳಲ್ಲಿ ಅಂಥ ಸ್ಪಷ್ಟ ಗುರುತು ಕಡಿಮೆ.

ವಿಧಾನಗಳನ್ನು ಒಟ್ಟಿಗೆ ಬಳಸತೊಡಗಿದ ಮೇಲೆ ಚಿತ್ರ ಬದಲಾಯಿತು. ಫ್ಲಾರೆಂಟೈನ್ ಕೋಡೆಕ್ಸಿನಲ್ಲಿ ಮಾಯಾ ನೀಲಿಯೂ ಇದೆ, ಯುರೋಪಿನಿಂದ ಬಂದ ಸೀಸದ ಸಿಂಧೂರವೂ ಇದೆ. 'ಯಾರ ಬಣ್ಣ' ಎಂದು ಕೇಳುವುದಕ್ಕಿಂತ 'ಈ ಆಕೃತಿಗೆ ಇದನ್ನೇ ಏಕೆ ಆರಿಸಿದರು' ಎಂದು ಕೇಳುವುದು ನ್ಯಾಯ. ಕೊನೆಯ ಭಾಗದ ಹೆಚ್ಚಿನ ಚಿತ್ರಗಳಿಗಂತೂ ಬಣ್ಣವೇ ಇಲ್ಲ. 1576ರ ಭೀಕರ ಸಾಂಕ್ರಾಮಿಕದಲ್ಲಿ ಬಣ್ಣದ ಸರಬರಾಜು ನಿಂತಿತು ಎನ್ನುವ ವಿವರಣೆಯಿದೆ.

ಹಳದಿಗಳ ಗಂಟು ಬಿಚ್ಚಲು ಮೆಕ್ಸಿಕೋದ ಅದೇ ಗಿಡಗಳಿಂದ, 11ನೇ ಭಾಗ ಹೇಳುವ ರೀತಿಯಲ್ಲೇ ಬಣ್ಣ ಮಾಡಿ ಹೋಲಿಸಿ ನೋಡಬೇಕು. ಆ ಮಾದರಿಗಳಿಲ್ಲದೆ ಯಂತ್ರ ಕೊಡುವ ನಕ್ಷೆಯ ಗೆರೆಯನ್ನು ಓದುವುದು ಕಷ್ಟ.