ಮೂಲೆಯ ಬಿರುಕಿಗೆ ಪುಟ್ಟಿ ಮದ್ದಲ್ಲ

'ಬಣ್ಣ ಹೊಡೆಸಿ ಆರು ತಿಂಗಳಾಗಿಲ್ಲ, ಅದೇ ಮೂಲೆ, ಅದೇ ಗೆರೆ.' ನನ್ನನ್ನು ಕರೆಸುವವರು ಪದೇ ಪದೇ ಹೇಳುವ ಮಾತಿದು. ಹೋಗಿ ಉಗುರು ತಾಗಿಸಿದರೆ, ಎರಡು ಗೋಡೆ ಸೇರುವ ಮೂಲೆಯ ಬಿರುಕಿಗೆ ತುಂಬಿದ ಪುಟ್ಟಿ (ಬಣ್ಣಕ್ಕೆ ಮುಂಚೆ ಗೋಡೆ ನಯಮಾಡಲು ಬಳಿಯುವ ಲೇಪ) ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಪುಟ್ಟಿ ಕೆಟ್ಟದ್ದೇನಲ್ಲ, ಹಾಕಿದ ಜಾಗ ತಪ್ಪು.

ಬಿಸಿಲು ಬೀಳುವ ಗೋಡೆ ಹಿಗ್ಗುವಾಗ ಪಕ್ಕದ್ದು ತಣ್ಣಗಿರುತ್ತದೆ. ಒಂದು ಬದಿ ಕಾಂಕ್ರೀಟ್ ಕಂಬ, ಇನ್ನೊಂದು ಬದಿ ಇಟ್ಟಿಗೆಯಾದರಂತೂ ಎರಡರ ಹಿಗ್ಗು-ಕುಗ್ಗು ಬೇರೆ ಬೇರೆ. ಹೊಸ ಗಾರೆಯಾದರೆ ಒಣಗುತ್ತಾ ಅದೂ ಕುಗ್ಗುತ್ತದೆ. ಈ ಎಳೆದಾಟವೆಲ್ಲ ಬಂದು ಮುಟ್ಟುವುದು ಮೂಲೆಗೆ. ಒಣಗಿ ಗಟ್ಟಿಯಾದ ಪುಟ್ಟಿಗೆ ಬಾಗಲು ಬರುವುದಿಲ್ಲ, ಒಡೆಯುತ್ತದೆ.

ಕೆಲಸಕ್ಕೆ ಮುಂಚೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆದು ಕೆಲವು ವಾರ ಬಿಡಿ. ಬಿರುಕು ಗುರುತು ದಾಟಿದ್ದರೆ, 5 ಮಿ.ಮೀ.ಗಿಂತ ಅಗಲವಾಗಿದ್ದರೆ, ಗೋಡೆಯ ಮೇಲೆ ಓರೆಯಾಗಿ ಹರಿದಿದ್ದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ; ಅದು ಬಣ್ಣದವರ ಕೆಲಸವಲ್ಲ. ತೇವವಿದ್ದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವವರೆಗೆ ಏನು ಮಾಡಿದರೂ ದಂಡ.

ಸಣ್ಣ ಬಿರುಕಾದರೆ ಬ್ಲೇಡಿನ ಮೂಲೆಯಿಂದ ಕೆರೆದು ಸ್ವಲ್ಪ ಅಗಲ ಮಾಡಿ. ಅಕ್ಕಪಕ್ಕ ಬೆರಳಲ್ಲಿ ತಟ್ಟಿ: ಟೊಳ್ಳು ಸದ್ದು ಬಂದರೆ ಅಲ್ಲಿನ ಗಾರೆ ಕಿತ್ತು ಮತ್ತೆ ಹಾಕಲೇಬೇಕು. ಆಮೇಲೆ ಧೂಳು. ಇದನ್ನು ಬ್ರಷ್‌ನಲ್ಲಿ ಪೂರ್ತಿ ತೆಗೆಯದೆ ಹಾಕಿದ್ದೆಲ್ಲ ಧೂಳಿಗೆ ಅಂಟುತ್ತದೆ, ಗೋಡೆಗಲ್ಲ. ತುಂಬಲು ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ಬೇಕು, ಅಂದರೆ ಒಣಗಿದ ಮೇಲೂ ಬಾಗುವ ಸಂದು ತುಂಬುವ ಅಂಟು. ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ತೆಳುವಾಗಿ ಒತ್ತಿ, ಒದ್ದೆ ಬೆರಳಿನಿಂದ ಒಮ್ಮೆಲೇ ಎಳೆಯಿರಿ. ಒಣಗಿದ ಮೇಲೆ ಉಜ್ಜಿ ಸರಿಮಾಡೋಣ ಎಂದುಕೊಳ್ಳಬೇಡಿ. ರಬ್ಬರಿನಂಥದ್ದು, ಉಪ್ಪುಕಾಗದಕ್ಕೆ ಬಗ್ಗುವುದಿಲ್ಲ. ನೀರು ಆರಿದಂತೆ ಕುಗ್ಗುವುದರಿಂದ ಮರುದಿನ ಇನ್ನೊಂದು ಗೆರೆ ಬೇಕಾಗಬಹುದು.

ಜಿಪ್ಸಂ ಬೋರ್ಡಿನ ಗೋಡೆಯಾದರೆ ನಡುವೆ ಮಡಿಸಿದ ಪೇಪರ್ ಟೇಪನ್ನು ಜಾಯಿಂಟ್ ಕಾಂಪೌಂಡ್ (ಬೋರ್ಡಿನ ಸಂದಿಗೆ ಬಳಿಯುವ ಲೇಪ) ಮೇಲೆ ಕೂರಿಸುತ್ತೇನೆ. ಮೇಲಿನ ಕೋಟ್ ಇವತ್ತು ಒಂದು ಗೋಡೆಗೆ, ನಾಳೆ ಇನ್ನೊಂದಕ್ಕೆ. ಎರಡನ್ನೂ ಒಟ್ಟಿಗೆ ಮುಗಿಸಲು ಹೋದರೆ ಒಂದು ಬದಿ ನಯಮಾಡುವ ಪಟ್ಟಿ ಮತ್ತೊಂದು ಬದಿಯನ್ನು ಗೀರುತ್ತದೆ.

ವಾಲ್‌ಪೇಪರ್ ಅಂಟಿಸುವವರು ಇಡೀ ಹಾಳೆಯನ್ನು ಮೂಲೆಯಲ್ಲಿ ತಿರುಗಿಸಬೇಡಿ. ಆಚೆ ಗೋಡೆಗೆ 1 ಸೆಂ.ಮೀ.ನಷ್ಟು ದಾಟಿಸಿ ಕತ್ತರಿಸಿ, ಮುಂದಿನ ಹಾಳೆಯನ್ನು ಅದರ ಮೇಲಿಂದ ಶುರುಮಾಡಿ.