ಟರ್ಮಿನಲ್ ನಿರ್ವಹಿಸುವ ಏಜೆಂಟ್‌ಗೆ ಟೂಲ್ ವಿವರಣೆ ಬರೆಯುವುದು

ಎಐ ಏಜೆಂಟ್‌ಗೆ, ಅಂದರೆ ಭಾಷಾ ಮಾಡೆಲ್ ಬಳಸಿ ತಾನೇ ಕೆಲಸ ಮಾಡುವ ಪ್ರೋಗ್ರಾಮ್‌ಗೆ, ಟೂಲ್ (ಅದು ಕರೆದು ಬಳಸುವ ಸಾಧನ) ಒಪ್ಪಿಸುವಾಗ ಆ ಟೂಲಿನ ಹೆಸರು, ಅದು ಮಾಡುವ ಕೆಲಸದ ವಿವರಣೆ ಮತ್ತು ಅದಕ್ಕೆ ಕೊಡಬೇಕಾದ ಮಾಹಿತಿಯ ಜೇಸನ್ ಸ್ಕೀಮಾ (ಯಾವ ಮಾಹಿತಿ, ಯಾವ ರೂಪದಲ್ಲಿ ಎಂಬ ಪಟ್ಟಿ) ಬರೆದುಕೊಡುತ್ತೇವೆ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಪ್ರಕಟಿಸಿದ, ಮಾಡೆಲ್‌ಗಳಿಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಮಾನದಂಡವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಲ್ಲಿಯೂ ಟೂಲಿನ ರೂಪ ಹೆಚ್ಚುಕಡಿಮೆ ಇದೇ. ಟೂಲಿನ ಒಳಗಿನ ಕೋಡ್ ಮಾಡೆಲ್‌ಗೆ ಸಾಮಾನ್ಯವಾಗಿ ಕಾಣುವುದಿಲ್ಲ; ಯಾವಾಗ ಯಾವ ಟೂಲನ್ನು ಕರೆಯಬೇಕೆಂದು ಅದು ತೀರ್ಮಾನಿಸುವುದು ನಾವು ಬರೆದ ಈ ಕೆಲವೇ ಸಾಲುಗಳನ್ನು ಓದಿ.

ಚಿಕ್ಕಬಳ್ಳಾಪುರದಲ್ಲಿ ಸಂಜೆ ಸೇರಿ ಕಲಿಯುವ ನಾವು ಕೆಲವರು, ಶಿಡ್ಲಘಟ್ಟ ಮಾರುಕಟ್ಟೆಯ ರೇಷ್ಮೆಗೂಡಿನ ದರಗಳನ್ನು ಕಡತಕ್ಕೆ ಸೇರಿಸುವ ಸಣ್ಣ ಸ್ಕ್ರಿಪ್ಟೊಂದನ್ನು ಏಜೆಂಟ್ ಮೂಲಕ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಪರದೆಯಲ್ಲಿ, ಚಲಾಯಿಸಿ ನೋಡಿದೆವು. ಟರ್ಮಿನಲ್ಲನ್ನು ತೆರೆದಲ್ಲಿಂದ ಮುಚ್ಚುವವರೆಗಿನದು ಒಂದು ಸೆಷನ್. ‘ಸೆಷನ್‌ನಲ್ಲಿ ಕಮಾಂಡ್ ಚಲಾಯಿಸುತ್ತದೆ. ಟೈಮ್‌ಔಟ್: ಸೆಕೆಂಡುಗಳಲ್ಲಿ’ ಎಂಬುದಷ್ಟೇ ನಮ್ಮ ವಿವರಣೆಯಾಗಿತ್ತು. ಟೈಮ್‌ಔಟ್‌ನ 30 ಸೆಕೆಂಡು ಕಳೆದಾಗ ಟೂಲ್ ಕಾಯುವುದನ್ನು ನಿಲ್ಲಿಸಿತು, ಸ್ಕ್ರಿಪ್ಟ್ ಮಾತ್ರ ನಿಲ್ಲಲಿಲ್ಲ. ಅದು ನಿಂತಿತೆಂದು ತಿಳಿದ ಏಜೆಂಟ್ ಅದೇ ಕಮಾಂಡನ್ನು ಮತ್ತೆ ಕಳಿಸಿತು; ಆ ಸಾಲು ಟರ್ಮಿನಲ್‌ನ ಸರದಿಯಲ್ಲಿ ಕಾದಿದ್ದು, ಮೊದಲನೆಯದು ಮುಗಿದ ಕೂಡಲೇ ಚಾಲನೆಗೊಂಡಿತು. ಕಡತದಲ್ಲಿ ಪ್ರತಿ ದರವೂ ಎರಡೆರಡು ಸಲ ಸೇರಿತ್ತು. ಇದರಲ್ಲಿ ಏಜೆಂಟ್‌ನ ತಪ್ಪಿರಲಿಲ್ಲ, ಏಕೆಂದರೆ ಟೈಮ್‌ಔಟ್ ಎಂದರೆ ಕಾಯುವ ಗಡುವೋ ಕಮಾಂಡನ್ನೇ ನಿಲ್ಲಿಸುವ ಗಡುವೋ ಎಂದು ನಾವು ಹೇಳಿಯೇ ಇರಲಿಲ್ಲ.

ಇದನ್ನು ಕೇಳಿದ, ನೂಲು ಬಿಚ್ಚುವ ಕೆಲಸದ ಮನೆಯಿಂದ ಬಂದ ಗೆಳೆಯರೊಬ್ಬರು, ‘ಗೂಡು ಬೇಯಿಸು’ ಎಂಬ ಮಾತು ಹಳಬರಿಗೆ ಸಾಕು, ಹೊಸಬರಿಗೆ ಎಷ್ಟು ಬೆಂದರೆ ಎಳೆ ಸಿಗುತ್ತದೆ ಎಂಬುದನ್ನೂ ಹೇಳಬೇಕು ಎಂದರು. ಏಜೆಂಟ್ ಪ್ರತಿ ಸಲವೂ ಹೊಸಬನೇ. ಆಮೇಲೆ ವಿವರಣೆಯನ್ನು ಹೀಗೆ ತಿದ್ದಿದೆವು: ‘ಟೈಮ್‌ಔಟ್ ಎಂದರೆ ಉತ್ತರಕ್ಕಾಗಿ ಕಾಯುವ ಗರಿಷ್ಠ ಸಮಯ. ಅದು ಮುಗಿದರೂ ಕಮಾಂಡ್ ಅದೇ ಸೆಷನ್‌ನಲ್ಲಿ ಮುಂದುವರಿಯುತ್ತದೆ. ಮತ್ತೆ ಕಳಿಸುವ ಮೊದಲು ಪರದೆಯನ್ನು ಓದುವ ಟೂಲಿನಿಂದ ಸ್ಥಿತಿಯನ್ನು ನೋಡಿ. ನಿಲ್ಲಿಸಬೇಕಾದರೆ ಕಂಟ್ರೋಲ್-ಸಿ ಕಳಿಸಿ.’

ಟರ್ಮಿನಲ್ ಸೆಷನ್‌ಗೆ ನೆನಪಿದೆ ಎಂಬುದೇ ಇಲ್ಲಿನ ಮುಖ್ಯ ತೊಡಕು. ಒಂದು ಸೆಷನ್‌ನಲ್ಲಿ ಸಿಡಿ ಕಮಾಂಡಿನಿಂದ ಬದಲಾಯಿಸಿದ ಫೋಲ್ಡರ್ ಮುಂದಿನ ಕರೆಯಲ್ಲಿಯೂ ಹಾಗೆಯೇ ಇರುತ್ತದೆ. ಪ್ರತಿ ಕರೆಗೂ ಹೊಸ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಮ್) ತೆರೆಯುವ ಟೂಲಿನಲ್ಲಿ ಅದು ಉಳಿಯುವುದಿಲ್ಲ. ಇವೆರಡರಲ್ಲಿ ನಮ್ಮದು ಯಾವುದೆಂದು ಮೊದಲ ವಾಕ್ಯದಲ್ಲಿಯೇ ಹೇಳುವುದು ಒಳಿತು. ಪಠ್ಯ ಕಳಿಸುವ ಟೂಲ್ ಕೊನೆಯಲ್ಲಿ ಎಂಟರ್ ಅನ್ನು ತಾನೇ ಒತ್ತುತ್ತದೆಯೇ ಎಂಬುದನ್ನೂ ಬರೆಯಬೇಕು. ಟರ್ಮಿನಲ್ ಸೆಷನ್‌ಗಳನ್ನು ನಿರ್ವಹಿಸುವ ಟಿಮಕ್ಸ್ ಎಂಬ ಪ್ರೋಗ್ರಾಮ್‌ನಲ್ಲಿ ಪಠ್ಯ ಕಳಿಸುವ ಸೆಂಡ್-ಕೀಸ್ ಕಮಾಂಡ್ ಅದನ್ನು ತಾನಾಗಿ ಒತ್ತುವುದಿಲ್ಲ. ಇದು ತಿಳಿಯದ ಏಜೆಂಟ್ ಕಮಾಂಡನ್ನು ಟೈಪ್ ಮಾಡಿಟ್ಟು ಉತ್ತರಕ್ಕಾಗಿ ಸುಮ್ಮನೆ ಕಾಯುತ್ತದೆ.

ಓದುವ ಟೂಲಿನ ವಿವರಣೆಗೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಅದು ಕೊಡುವುದು ಇಡೀ ಪರದೆಯನ್ನೋ, ಹಿಂದಿನ ಓದಿನ ನಂತರ ಬಂದ ಸಾಲುಗಳನ್ನಷ್ಟೇಯೋ? ಟಿಮಕ್ಸ್‌ನಲ್ಲಿ ಪರದೆಯ ಪಠ್ಯ ತೆಗೆದುಕೊಡುವ ಕ್ಯಾಪ್ಚರ್-ಪೇನ್ ಕಮಾಂಡ್ ಬೇರೆ ಸೂಚನೆ ಇಲ್ಲದಿದ್ದರೆ ಕಣ್ಣಿಗೆ ಕಾಣುವ ಭಾಗವನ್ನು ಮಾತ್ರ ಕೊಡುತ್ತದೆ. ಉದ್ದದ ಔಟ್‌ಪುಟ್ಟನ್ನು ಕತ್ತರಿಸುವುದಾದರೆ ಯಾವ ತುದಿಯನ್ನು ಕತ್ತರಿಸುತ್ತದೆ ಎಂದೂ ಹೇಳಬೇಕು, ಏಕೆಂದರೆ ದೋಷದ ಸಂದೇಶ ಬಹುಮಟ್ಟಿಗೆ ಕೊನೆಯಲ್ಲಿರುತ್ತದೆ. ಇದಕ್ಕಿಂತಲೂ ಸೂಕ್ಷ್ಮವಾದದ್ದು ಮೌನ. ಪರದೆಯಲ್ಲಿ ಹೊಸದೇನೂ ಬಾರದಿದ್ದರೆ ಕೆಲಸ ಮುಗಿದಿರಬಹುದು, ಇನ್ನೂ ನಡೆಯುತ್ತಿರಬಹುದು, ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ನಡೆಸುವ ಸುಡೋ ಪಾಸ್‌ವರ್ಡ್ ಕೇಳಿ ಕಾದಿರಬಹುದು, ಅಥವಾ ಗಿಟ್ ಲಾಗ್ (ಕೋಡ್ ಬದಲಾವಣೆಗಳ ಪಟ್ಟಿ) ತೆರೆದ ಪೇಜರ್, ಅಂದರೆ ಉದ್ದದ ಪಠ್ಯವನ್ನು ಪುಟಪುಟವಾಗಿ ತೋರಿಸುವ ಪ್ರೋಗ್ರಾಮ್, ಹೊರಬರಲು ಒತ್ತುವ ಕ್ಯೂ ಅಕ್ಷರಕ್ಕಾಗಿ ಕಾದಿರಬಹುದು. ಟೂಲ್ ಈ ಸ್ಥಿತಿಗಳನ್ನು ಗುರುತಿಸಬಲ್ಲುದಾದರೆ ಯಾವ ಪದದಿಂದ ತಿಳಿಸುತ್ತದೆ ಎಂದು ಬರೆಯಬೇಕು. ಗುರುತಿಸಲಾರದಾದರೆ ಅದನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಎಕ್ಸಿಟ್ ಕೋಡ್ (ಕಮಾಂಡ್ ಹೇಗೆ ಮುಗಿಯಿತೆಂದು ತಿಳಿಸುವ ಸಂಖ್ಯೆ) ಕೊಡುವ ಟೂಲಾದರೆ 0 ಯಶಸ್ಸು, 127 ಕಮಾಂಡ್ ಸಿಗಲಿಲ್ಲ, 130 ಕಂಟ್ರೋಲ್-ಸಿ ಇಂದ ನಿಂತಿತು ಎಂಬ ಒಂದು ಸಾಲು ಸಾಕು.

ಸೆಷನ್ ಮುಚ್ಚುವ ಟೂಲ್ ಒಳಗಿನ ಕೆಲಸಗಳನ್ನೂ ಕೊನೆಗೊಳಿಸುತ್ತದೆಯೇ, ಅಥವಾ ಟಿಮಕ್ಸ್‌ನ ಡಿಟ್ಯಾಚ್‌ನಂತೆ ಅವನ್ನು ನಡೆಯಲು ಬಿಟ್ಟು ಹೊರಬರುತ್ತದೆಯೇ ಎಂಬುದನ್ನು ತಪ್ಪದೆ ತಿಳಿಸಬೇಕು.

ಬರೆದದ್ದನ್ನು ಪರೀಕ್ಷಿಸಲು ನಾವು ಅನುಸರಿಸುವ ಕ್ರಮ ಹೀಗಿದೆ. ಕೋಡನ್ನು ನೋಡದ ಸಹಪಾಠಿಗೆ ವಿವರಣೆಯನ್ನು ಮಾತ್ರ ಕೊಟ್ಟು, ‘40 ಸೆಕೆಂಡಿನಿಂದ ಪರದೆ ಸುಮ್ಮನಿದೆ, ಈಗ ಯಾವ ಟೂಲನ್ನು ಕರೆಯುತ್ತೀರಿ?’ ಎಂದು ಕೇಳುತ್ತೇವೆ. ಅವರು ತಡವರಿಸಿದ ಜಾಗಕ್ಕೆ ಗುರುತು ಹಾಕಿಕೊಂಡು, ಅಲ್ಲಿಗೆ ಒಂದು ವಾಕ್ಯ ಸೇರಿಸಿ, ಮರುದಿನ ಇನ್ನೊಬ್ಬರಿಗೆ ಕೊಡುತ್ತೇವೆ.